ಮದುವೆಯಲ್ಲಿ ಮುಗಿದ ಸಾನೆಟ್ ಮಾಲೆ

ಎಡ್ಮಂಡ್ ಸ್ಪೆನ್ಸರನ ‘ಅಮೊರೆಟ್ಟಿ’ 89 ಸಾನೆಟ್‌ಗಳ ಮಾಲೆ. ಲಂಡನ್ನಿನ ಪ್ರಕಾಶಕ ವಿಲಿಯಂ ಪಾನ್ಸನ್‌ಬಿ 1595ರಲ್ಲಿ ಇದನ್ನು ‘ಎಪಿಥಲೇಮಿಯನ್’ ಎಂಬ ಮದುವೆ ಹಾಡಿನೊಡನೆ ಒಂದೇ ಪುಸ್ತಕವಾಗಿ ಹೊರತಂದ. ಇಂಗ್ಲೆಂಡಿನಲ್ಲಿ ಅದು ಸಾನೆಟ್‌ಗಳ ಸುಗ್ಗಿಯ ಕಾಲ. 1591ರಲ್ಲಿ ಫಿಲಿಪ್ ಸಿಡ್ನಿಯ ‘ಆಸ್ಟ್ರೋಫೆಲ್ ಅಂಡ್ ಸ್ಟೆಲ್ಲಾ’ ಅಚ್ಚಾದದ್ದೇ ತಡ, ಡೇನಿಯಲ್, ಡ್ರೇಟನ್ ಮೊದಲಾದವರ ಮಾಲೆಗಳು ಸಾಲುಗಟ್ಟಿ ಬಂದವು.

ಇಟಲಿಯ ಪೆಟ್ರಾರ್ಕನಿಂದ ಬಂದ ಈ ಕಾವ್ಯಕ್ಕೆ ಒಂದು ಕಟ್ಟುಪಾಡಿತ್ತು: ಪ್ರೇಯಸಿ ಕೈಗೆ ಸಿಗಬಾರದು. ಪೆಟ್ರಾರ್ಕನಿಗೆ ಲಾರಾ ಸಿಗಲಿಲ್ಲ, ಸಿಡ್ನಿಯ ಸ್ಟೆಲ್ಲಾ ಇನ್ನೊಬ್ಬನ ಹೆಂಡತಿ. ಕವಿಯಾದವನು ಬೇಯುತ್ತ, ನಡುಗುತ್ತ, ನಿದ್ದೆಗೆಟ್ಟು ಹಲುಬುತ್ತಿರಬೇಕು. ಸ್ಪೆನ್ಸರನೂ ಈ ಪಾಡನ್ನೆಲ್ಲ ಪಟ್ಟ. ಆದರೆ ಕೊನೆಗೆ ಒಲಿಸಿಕೊಂಡವಳನ್ನೇ ಮದುವೆಯಾದ. ಅವನ ಹೊಸತನವಿರುವುದು ಇಲ್ಲಿ.

ವಧು ಎಲಿಜಬೆತ್ ಬಾಯ್ಲ್. ಮದುವೆ ನಡೆದದ್ದು ಐರ್ಲೆಂಡಿನಲ್ಲಿ, 1594ರ ಜೂನ್ 11ರಂದು. ವರ ನಲವತ್ತು ದಾಟಿದ ವಿಧುರ; ಮನ್‌ಸ್ಟರ್ ಪ್ರಾಂತದ ಕಿಲ್‌ಕೋಲ್ಮನ್‌ನಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕ ಜಮೀನಿನ ಒಡೆಯ. ದಂಗೆಯೆದ್ದ ಐರಿಷ್ ಪಾಳೆಯಗಾರರಿಂದ ಇಂಗ್ಲಿಷ್ ಸರ್ಕಾರ ಕಿತ್ತುಕೊಂಡು ತನ್ನವರಿಗೆ ಹಂಚಿದ ನೆಲ ಅದು.

ಮಾಲೆಯ ಜೋಡಣೆಯಲ್ಲಿ ಒಂದು ಲೆಕ್ಕಾಚಾರವಿದೆ. 22ನೆಯ ಸಾನೆಟ್ ಕ್ರೈಸ್ತರ ಉಪವಾಸದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ್ದು, 68ನೆಯದು ಈಸ್ಟರ್ ಹಬ್ಬದ್ದು. ನಡುವಿನ ಅಂತರ 46. ಬೂದಿ ಬುಧವಾರದಿಂದ ಈಸ್ಟರ್‌ಗೂ ಅಷ್ಟೇ ದಿನ. ಹಬ್ಬಕ್ಕೆ ಸ್ವಲ್ಪ ಮುಂಚೆ, 67ನೆಯದರಲ್ಲಿ, ಬೆನ್ನಟ್ಟಿ ದಣಿದ ಬೇಟೆಗಾರನ ಬಳಿಗೆ ಜಿಂಕೆ, ಅಂದರೆ ಪ್ರೇಯಸಿ, ತಾನಾಗಿಯೇ ಬಂದು ನಿಲ್ಲುತ್ತದೆ. ಉಪವಾಸದ ದಿನಗಳಿಗೆ ಪ್ರೇಮದ ವಿರಹವನ್ನು ಹೊಂದಿಸಿದ ಈ ಜಾಣ್ಮೆಯನ್ನು ವಿದ್ವಾಂಸರು ಬಿಡಿಸಿ ತೋರಿಸಿದ್ದು 20ನೆಯ ಶತಮಾನದಲ್ಲಿ.

ಹೆಚ್ಚು ಹೆಸರಾದದ್ದು 75ನೆಯ ಸಾನೆಟ್. ಪ್ರೇಮಿ ಕಡಲ ದಂಡೆಯ ಮೇಲೆ ನಲ್ಲೆಯ ಹೆಸರು ಬರೆಯುತ್ತಾನೆ, ಅಲೆ ಅಳಿಸುತ್ತದೆ. ಮತ್ತೆ ಬರೆದರೆ ಮತ್ತೆ ಅದೇ ಗತಿ. ಆಗ ಅವಳು ಬಾಯಿ ಬಿಡುತ್ತಾಳೆ: ಅಳಿಯುವುದನ್ನು ಉಳಿಸಹೊರಡುವುದು ಹುಚ್ಚು, ತಾನೂ ಹೀಗೆಯೇ ಅಳಿಯುವವಳು. ಅವನದು ಕವಿಯ ಉತ್ತರ: ಮಣ್ಣಾಗುವುದು ಕೀಳು ವಸ್ತುಗಳ ಪಾಡು, ನನ್ನ ಪದ್ಯದಲ್ಲಿ ನೀನು ಬಾಳುವೆ. ಆ ಕಾಲದ ಸಾನೆಟ್‌ಗಳಲ್ಲಿ ಹೆಣ್ಣಿಗೆ ಕಣ್ಣು, ಕೆನ್ನೆಗಳು ಧಾರಾಳ, ಮಾತು ಅಪರೂಪ. ಇಲ್ಲಿ ಇಡೀ ನಾಲ್ಕು ಸಾಲು ಅವಳವು, ತರ್ಕವೂ ಅವಳದೇ ಗಟ್ಟಿ. ತಮಾಷೆಯೆಂದರೆ, ಹೆಸರನ್ನು ಶಾಶ್ವತಗೊಳಿಸುವೆನೆನ್ನುವ ಈ ಪದ್ಯದಲ್ಲಿ ಆ ಹೆಸರೇ ಇಲ್ಲ. ಅದು ಹಿಂದಿನ 74ನೆಯದರಲ್ಲಿದೆ. ಅಲ್ಲಿ ಕವಿಯ ತಾಯಿ, ದೇಶದ ರಾಣಿ, ಪ್ರೇಯಸಿ ಮೂವರೂ ಎಲಿಜಬೆತ್‌ಗಳೇ.

ಪ್ರಾಸದ ಕಟ್ಟು ಸ್ಪೆನ್ಸರನದೇ. ಒಂದು ಚೌಪದಿಯ ಕೊನೆಯ ಪ್ರಾಸವನ್ನೇ ಮುಂದಿನದು ಎತ್ತಿಕೊಳ್ಳುತ್ತದೆ. ಹೀಗೆ ಮೂರು ಚೌಪದಿಗಳು ಕೊಂಡಿ ಹಾಕಿಕೊಂಡ ಮೇಲೆ ದ್ವಿಪದಿಯಲ್ಲಿ ಮುಕ್ತಾಯ. ಪ್ರಾಸಪದಗಳು ಕಡಿಮೆಯಿರುವ ಇಂಗ್ಲಿಷಿನಲ್ಲಿ ಇದು ಕಷ್ಟದ ಕೆಲಸ, ಹಿಂಬಾಲಿಸಿದವರು ಕೆಲವರೇ.

ಮದುವೆಯಾದ ನಾಲ್ಕು ವರ್ಷಕ್ಕೆ, 1598ರಲ್ಲಿ, ಐರಿಷ್ ಬಂಡುಕೋರರು ಕಿಲ್‌ಕೋಲ್ಮನ್‌ಗೆ ಬೆಂಕಿಯಿಟ್ಟರು. ಸ್ಪೆನ್ಸರ್ 1599ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಎಲಿಜಬೆತ್ ಬಳಿಕ ಮರುಮದುವೆಯಾದಳು.