ಪ್ಲೇಟಿನ ವೇಗವೂ ಗಾಯಕರ ಶ್ರುತಿಯೂ

ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಲ್ಲಿ, ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ, ನಾವು ಒಮ್ಮೆ ಹಳೆಯ ಗ್ರಾಮಫೋನು ಕೇಳುತ್ತ ಕುಳಿತಿದ್ದೆವು. ಪ್ಲೇಟು ಗಂಗೂಬಾಯಿ ಹಾನಗಲ್ ಅವರ ಮೊದಲ ದಿನಗಳದು. ಕಂಠವು ತೆಳುವಾಗಿಯೂ ಎತ್ತರವಾಗಿಯೂ ಕೇಳಿತು. ಅವರ ಗಂಭೀರನಾದವನ್ನು ರೇಡಿಯೋದಲ್ಲಿ ಕೇಳಿದ್ದ ಹಿರಿಯರೊಬ್ಬರು “ಯಂತ್ರ ಜೋರಾಗಿ ಓಡುತ್ತಿದೆ” ಎಂದು ವೇಗದ ತಿರುಪನ್ನು ಇಳಿಸಿದರು. “ಈಗ ಸರಿಯಾಯಿತು” ಎಂದು ನಾವೆಲ್ಲರೂ ತಲೆದೂಗಿದೆವು. ಅಂದು ಸರಿಯಾದುದು ಏನು, ಕೆಟ್ಟುದು ಏನು ಎಂಬುದನ್ನು ಈಗ ವಿಚಾರಿಸೋಣ.

ಪ್ಲೇಟು ಬೇಗನೆ ತಿರುಗಿದರೆ ಶ್ರುತಿ ಏರುತ್ತದೆ, ಲಯವೂ ಚುರುಕಾಗುತ್ತದೆ. ನಿಮಿಷಕ್ಕೆ 78 ಸುತ್ತು ಎಂಬ ನಿಯಮವು, 1925ರಲ್ಲಿ ವಿದ್ಯುತ್ತಿನಿಂದ ಧ್ವನಿ ಮುದ್ರಿಸುವ ಪದ್ಧತಿ ಬಂದ ತರುವಾಯ ಕ್ರಮೇಣ ನೆಲೆಗೊಂಡಿತು. ಅದಕ್ಕೆ ಹಿಂದೆ 70ರ ಆಸುಪಾಸಿನಿಂದ 80ನ್ನು ಮೀರಿದ ವೇಗದವರೆಗೆ ಮುದ್ರಿಸಿದ್ದುಂಟು. 74 ಸುತ್ತಿನಲ್ಲಿ ಮುದ್ರಿಸಿದುದನ್ನು 78ರಲ್ಲಿ ನುಡಿಸಿದರೆ, ಮೂರು ನಿಮಿಷದ ಹಾಡು ಒಂಬತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ಶ್ರುತಿಯು ಹೆಚ್ಚುಕಡಮೆ ಒಂದು ಸ್ವರಸ್ಥಾನದಷ್ಟು ಮೇಲಕ್ಕೆ ಹೋಗುತ್ತದೆ.

ಪಾಶ್ಚಾತ್ಯ ವಾದ್ಯವೃಂದದವರಿಗೆ ಇದನ್ನು ಪರೀಕ್ಷಿಸಲು ಒಂದು ಆಧಾರವುಂಟು. ಕೃತಿಯ ಶ್ರುತಿ ಬರೆದಿಟ್ಟಿದೆ. ವಾದ್ಯಗಳನ್ನು ಕೂಡಿಸುವ ಸ್ವರಕ್ಕೂ ಅಳತೆಯಿದೆ. ಆದರೆ ಆ ಅಳತೆಯೂ ಸ್ಥಿರವಾಗಿರಲಿಲ್ಲ. 1859ರಲ್ಲಿ ಫ್ರಾನ್ಸಿನ ಸರಕಾರವು ಅದನ್ನು ಸೆಕೆಂಡಿಗೆ 435 ಕಂಪನಗಳೆಂದು ಗೊತ್ತುಮಾಡಿತು. 440 ಎಂಬುದು 1939ರ ಲಂಡನ್ ಸಮ್ಮೇಳನದ ನಿರ್ಣಯ. ಈಗ ಒಂದು ಲೆಕ್ಕವನ್ನು ನೋಡಿರಿ. 435ಕ್ಕೆ ಕೂಡಿಸಿದ ವಾದ್ಯವೃಂದವನ್ನು 77 ಸುತ್ತಿನಲ್ಲಿ ಮುದ್ರಿಸಿ 78ರಲ್ಲಿ ನುಡಿಸಿದರೆ, ಕಿವಿಗೆ ಬೀಳುವುದು ಸುಮಾರು 440! ಒಂದೇ ಸುತ್ತಿನ ವ್ಯತ್ಯಾಸವು ಎಂಭತ್ತು ವರ್ಷಗಳ ಚರಿತ್ರೆಯನ್ನು ಅಳಿಸಿಬಿಡುತ್ತದೆ.

ನಮ್ಮ ಸಂಗೀತದಲ್ಲಿ ಅಷ್ಟು ಆಧಾರವೂ ಇಲ್ಲ. ಷಡ್ಜವು ಹಾಡುವವರ ಕಂಠಕ್ಕೆ ಒಪ್ಪಿದುದು, ಅದಕ್ಕೆ ರಾಜಶಾಸನವಿಲ್ಲ. ಗೌಹರ್ ಜಾನ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೈಸ್‌ಬರ್ಗನ ಯಂತ್ರದ ಮುಂದೆ ಹಾಡಿದರು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅಂತಹ ಆದಿಕಾಲದ ಪ್ಲೇಟಿನ ಶ್ರುತಿಯನ್ನು ತಿಳಿಯುವುದು ಹೇಗೆ? ಜೊತೆಗೆ ಹಾರ್ಮೋನಿಯಂ ಇದ್ದರೆ ಅದೊಂದು ಸಾಕ್ಷಿ. ಅದರ ನಾಲಗೆಗಳನ್ನು ಗಾಯಕರು ಕ್ಷಣದಲ್ಲಿ ಏರಿಸಿ ಇಳಿಸಲಾರರು. ಆದರೆ ಆ ಪೆಟ್ಟಿಗೆಗಳೂ ಒಂದೇ ಅಳತೆಯವಲ್ಲ. ಅದೂ ಅಲ್ಲದೆ, ಒಂದು ಸ್ವರಸ್ಥಾನದಷ್ಟು ತಪ್ಪಾದರೆ ಪಕ್ಕದ ಮನೆಯ ಸ್ವರವೇ ಸರಿಯೆಂದು ತೋರುವುದು. ಆದುದರಿಂದ ವಿವೇಕಿಯಾದವನು ಒಂದೇ ಅಂಕವನ್ನು ಹೇಳದೆ, ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಹೇಳಬೇಕಾಗುತ್ತದೆ.

ಹೊಸಹಳ್ಳಿಯ ಪಡಸಾಲೆಗೆ ಮರಳೋಣ. ಆ ಪ್ಲೇಟು 1930ರ ದಶಕದ್ದು. ಆಗ ಗಂಗೂಬಾಯಿಯವರು ‘ಗಾಂಧಾರಿ’ ಎಂಬ ಹೆಸರಿನಿಂದ ಎಚ್.ಎಂ.ವಿ.ಗೆ ಹಾಡಿದ್ದರು. ಅವರ ಕಂಠವು ಆಗ ನಿಜವಾಗಿಯೂ ಎತ್ತರದ್ದೇ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ತಗ್ಗಿ, ನಾಡೆಲ್ಲ ಬಲ್ಲ ಆ ಘನವಾದ ನಾದವಾಯಿತು. ಕಂಠ ಬದಲಾದರೂ ಅವರು ಹಾಡುವುದನ್ನು ಬಿಡಲಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಳ್ಳುವ ವೇಳೆಗೆ ಆ ಕಂಠವೇ ಕಿರಾಣಾ ಘರಾಣೆಯ ಹೆಮ್ಮೆಯಾಗಿತ್ತು. ನಾವು ತಿರುಪನ್ನು ಇಳಿಸಿ ಸರಿಪಡಿಸಿದೆವೆಂದು ತಿಳಿದುದು ಯಂತ್ರದ ದೋಷವನ್ನಲ್ಲ. ಒಬ್ಬ ಹೆಣ್ಣುಮಗಳ ತಾರುಣ್ಯದ ಧ್ವನಿಯನ್ನು.

ಪ್ಲೇಟು ಸುಳ್ಳು ಹೇಳುವುದುಂಟು. ನಮ್ಮ ನೆನಪೂ ಸುಳ್ಳು ಹೇಳುವುದುಂಟು. ಮೊದಲನೆಯದನ್ನು ಗಡಿಯಾರ ಹಿಡಿದು ಸುತ್ತುಗಳನ್ನೆಣಿಸಿ ಕಂಡುಹಿಡಿಯಬಹುದು. ಎರಡನೆಯದಕ್ಕಾಗಿ, ತಿರುಪಿಗೆ ಕೈ ಹಾಕುವ ಮುನ್ನ ತುಸು ತಡೆಯುವುದೊಂದೇ ದಾರಿ.