ಪಿಕಪ್ ಮೈಲೇಜ್: ಬ್ರೋಷರ್‌ನಲ್ಲಿ 15, ರಸ್ತೆಯಲ್ಲಿ 10, ಉಳಿದದ್ದು ಹೋಗುವುದೆಲ್ಲಿ?

ಪಿಕಪ್ ವಾಹನ ಕೊಳ್ಳಲು ಶೋರೂಂಗೆ ಹೋದವರು ಬೆಲೆ ಮತ್ತು ಕಂತಿನ ಮಾತು ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಮೈಲೇಜ್ ಕೊಡುತ್ತೆ?’ ಬ್ರೋಷರ್‌ನಲ್ಲಿ ಒಂದು ಅಂಕಿ ಇರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಆ ಅಂಕಿಗೂ ಬಂಕ್‌ನ ಬಿಲ್ಲಿಗೂ ತಾಳೆಯಾಗುವುದಿಲ್ಲ. ಗಾಡಿಯಲ್ಲೇ ದೋಷವಿದೆಯೇ, ಕಂಪನಿ ಸುಳ್ಳು ಹೇಳಿತೇ, ಬಂಕ್‌ನವರು ಮೋಸ ಮಾಡಿದರೇ ಎಂಬ ಅನುಮಾನಗಳು ಶುರುವಾಗುತ್ತವೆ.

ಬಹುತೇಕ ಸಂದರ್ಭಗಳಲ್ಲಿ ಈ ಮೂರೂ ಕಾರಣವಲ್ಲ. ಬ್ರೋಷರ್‌ನ ಅಂಕಿ ಸುಳ್ಳಲ್ಲ, ಆದರೆ ಅದು ಬೇರೊಂದು ಪ್ರಶ್ನೆಗೆ ಸಿಕ್ಕ ಉತ್ತರ. ಹೆಚ್ಚೂಕಡಿಮೆ ಖಾಲಿ ಇರುವ ಗಾಡಿ, ನಿಗದಿತ ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಎಷ್ಟು ಇಂಧನ ಕುಡಿಯುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಪಿಕಪ್‌ನ ನಿಜವಾದ ಕೆಲಸ ಶುರುವಾಗುವುದೇ ಸರಕು ತುಂಬಿದ ಮೇಲೆ.

ವ್ಯತ್ಯಾಸದ ಬೆಲೆ ಎಷ್ಟು?

ಕಾರು ಇಟ್ಟುಕೊಂಡವರಿಗೆ ಮೈಲೇಜ್ ಕಡಿಮೆಯಾದರೆ ಬೇಸರವಾಗುತ್ತದೆ. ಸ್ವಂತ ಪಿಕಪ್ ಓಡಿಸಿ ಬದುಕುವವರಿಗೆ ಅದು ಸಂಪಾದನೆಯ ಪ್ರಶ್ನೆ. ಒಂದು ಉದಾಹರಣೆ ನೋಡಿ. ಮುಂಬೈಯಿಂದ ಪುಣೆಗೆ ಸುಮಾರು 150 ಕಿ.ಮೀ., ಹೋಗಿ ಬರಲು 300 ಕಿ.ಮೀ. ಬ್ರೋಷರ್ ಪ್ರಕಾರ ಲೀಟರ್‌ಗೆ 15 ಕಿ.ಮೀ. ಎಂದು ನಂಬಿದರೆ 20 ಲೀಟರ್ ಡೀಸೆಲ್ ಸಾಕು. ವಾಸ್ತವದಲ್ಲಿ ಲೋಡ್ ಇರುವಾಗ 9, ಖಾಲಿ ಬರುವಾಗ 13 ಕಿ.ಮೀ. ಕೊಟ್ಟಿತು ಎಂದಿಟ್ಟುಕೊಳ್ಳಿ. ಆಗ ಬೇಕಾಗುವುದು 28 ಲೀಟರ್‌ಗೂ ಸ್ವಲ್ಪ ಹೆಚ್ಚು. ಡೀಸೆಲ್ ಲೀಟರ್‌ಗೆ 90 ರೂಪಾಯಿ ಎಂದು ಹಿಡಿದರೆ ಒಂದು ಟ್ರಿಪ್‌ಗೆ ಸುಮಾರು 740 ರೂಪಾಯಿ, ತಿಂಗಳಿಗೆ 20 ಟ್ರಿಪ್‌ಗೆ ಸುಮಾರು 14,800 ರೂಪಾಯಿ ವ್ಯತ್ಯಾಸ. ಬ್ರೋಷರ್ ಅಂಕಿ ಇಟ್ಟುಕೊಂಡು ಬಾಡಿಗೆ ಒಪ್ಪಿಕೊಂಡವರು ಈ ಹಣವನ್ನು ತಮ್ಮ ಜೇಬಿನಿಂದಲೇ ಕೊಡಬೇಕಾಗುತ್ತದೆ.

ಆ ಅಂಕಿ ಎಲ್ಲಿಂದ ಬರುತ್ತದೆ?

ಭಾರತದಲ್ಲಿ ಇದನ್ನು ಜನ ‘ಎಆರ್‌ಎಐ ಮೈಲೇಜ್’ ಎಂದೇ ಕರೆಯುತ್ತಾರೆ. ಎಆರ್‌ಎಐ ಎಂದರೆ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ. 1966ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಪುಣೆಯಲ್ಲಿದೆ. ದೆಹಲಿ ಸಮೀಪದ ಮಾನೇಸರ್‌ನ ಐಕ್ಯಾಟ್, ಚೆನ್ನೈ ಸಮೀಪದ ಒರಗಡಂನಲ್ಲಿರುವ ಜಿಎಆರ್‌ಸಿಯಂತಹ ಪರೀಕ್ಷಾ ಕೇಂದ್ರಗಳೂ ಇವೆ.

ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದಲ್ಲಿ. ವಾಹನದ ಚಕ್ರಗಳನ್ನು ದೊಡ್ಡ ರೋಲರ್‌ಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಈ ಯಂತ್ರಕ್ಕೆ ಚಾಸಿಸ್ ಡೈನಮೋಮೀಟರ್ ಎಂದು ಹೆಸರು. ರಸ್ತೆಯಲ್ಲಿ ಗಾಳಿ ಮತ್ತು ಟೈರ್‌ನಿಂದ ಎದುರಾಗುವ ತಡೆಯನ್ನು ರೋಲರ್‌ಗಳೇ ಕೃತಕವಾಗಿ ಒಡ್ಡುತ್ತವೆ. ಸೈಲೆನ್ಸರ್‌ನಿಂದ ಹೊರಬರುವ ಹೊಗೆಯನ್ನು ಸಂಗ್ರಹಿಸಿ, ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಎಷ್ಟು ಇಂಧನ ಉರಿಯಿತು ಎಂದು ಲೆಕ್ಕ ಹಾಕುತ್ತಾರೆ.

ಎಷ್ಟು ಹೊತ್ತು, ಯಾವ ವೇಗದಲ್ಲಿ ಓಡಿಸಬೇಕು ಎಂಬುದಕ್ಕೂ ನಿಯಮವಿದೆ. 3.5 ಟನ್‌ವರೆಗಿನ ವಾಹನಗಳಿಗೆ ಬಳಕೆಯಲ್ಲಿರುವುದು ‘ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ’, ಅಂದರೆ ಎಂಐಡಿಸಿ. ಯುರೋಪಿನ ಹಳೆಯ ಪರೀಕ್ಷಾ ಮಾದರಿಯಿಂದ ರೂಪಿಸಿದ್ದು ಇದು. ಒಟ್ಟು 1,180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ; ದೂರ 11 ಕಿ.ಮೀ.ಗಿಂತ ಕಡಿಮೆ. ಮೊದಲ 780 ಸೆಕೆಂಡ್ ನಗರ ಸಂಚಾರದ ಅನುಕರಣೆ, ಅದರಲ್ಲಿ ಗರಿಷ್ಠ ವೇಗ ಗಂಟೆಗೆ 50 ಕಿ.ಮೀ. ಉಳಿದ 400 ಸೆಕೆಂಡ್ ಹೆದ್ದಾರಿಯ ಅನುಕರಣೆ, ಗರಿಷ್ಠ ವೇಗ 90 ಕಿ.ಮೀ. ನಗರ ಭಾಗದಲ್ಲಿ ಸೊನ್ನೆಯಿಂದ 50ಕ್ಕೆ ಏರಲು 26 ಸೆಕೆಂಡ್ ಅವಕಾಶವಿದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಅಷ್ಟು ನಿಧಾನವಾಗಿ ವೇಗ ಹೆಚ್ಚಿಸುವ ಚಾಲಕರು ಸಿಗುವುದು ಕಷ್ಟ.

ಈ ಪರೀಕ್ಷೆಯಲ್ಲಿ ಏರು ರಸ್ತೆಯಿಲ್ಲ, ಹೊಂಡವಿಲ್ಲ, ಎದುರುಗಾಳಿಯಿಲ್ಲ. ಎಸಿ ಆಫ್ ಇರುತ್ತದೆ. ಮುಖ್ಯವಾಗಿ, ಪರೀಕ್ಷೆಯಲ್ಲಿ ಪರಿಗಣಿಸುವ ತೂಕ ಖಾಲಿ ಗಾಡಿಯ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಟನ್‌ಗಟ್ಟಲೆ ಈರುಳ್ಳಿಯೋ ಸಿಮೆಂಟೋ ಅದರಲ್ಲಿ ಇರುವುದಿಲ್ಲ.

ಕಾರಿಗಿಂತ ಪಿಕಪ್‌ನಲ್ಲೇ ವ್ಯತ್ಯಾಸ ಹೆಚ್ಚೇಕೆ?

ಕಾರಿನಲ್ಲಿ ಐದು ಜನ ಕುಳಿತರೂ ಅದರ ತೂಕ ಮೂರನೇ ಒಂದರಷ್ಟು ಹೆಚ್ಚಾದೀತು. ಖಾಲಿ ಇದ್ದಾಗ 1,700 ಕೆ.ಜಿ. ತೂಗುವ ಪಿಕಪ್‌ಗೆ 1,300 ಕೆ.ಜಿ. ಸರಕು ಹೇರಿದರೆ ತೂಕ 3,000 ಕೆ.ಜಿ.ಗೆ ಏರುತ್ತದೆ. ಪರೀಕ್ಷೆಗೆ ನಿಂತ ಗಾಡಿ ಮತ್ತು ರಸ್ತೆಗೆ ಇಳಿದ ಗಾಡಿ ತೂಕದ ಲೆಕ್ಕದಲ್ಲಿ ಎರಡು ಬೇರೆ ಗಾಡಿಗಳೇ.

ತೂಕ ಮೂರು ಕಡೆ ಇಂಧನ ತಿನ್ನುತ್ತದೆ. ಒಂದು, ಟೈರ್ ಉರುಳುವಾಗಿನ ತಡೆ. ಇದು ತೂಕ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡು, ನಿಂತ ಗಾಡಿಯನ್ನು ವೇಗಕ್ಕೆ ತರುವುದು. ಪ್ರತಿ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗಲೂ ಮೂರು ಟನ್ನನ್ನು ಹೊಸದಾಗಿ ದೂಡಬೇಕು. ಬ್ರೇಕ್ ಹಾಕಿದಾಗ ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಮೂರು, ಏರು.

ಏರಿನ ಲೆಕ್ಕ ಕಣ್ಣಿಗೆ ಕಟ್ಟಬೇಕಾದರೆ ಖಂಡಾಲಾ ಘಾಟಿ ನೋಡಿ. ಖೋಪೋಲಿಯಿಂದ ಲೋನಾವಳಕ್ಕೆ ಸುಮಾರು 550 ಮೀಟರ್ ಮೇಲೇರಬೇಕು. ಮೂರು ಟನ್ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 16 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಇದ್ದರೂ ಚಕ್ರಕ್ಕೆ ತಲುಪುವುದು ಮೂರನೇ ಒಂದಕ್ಕಿಂತ ಹೆಚ್ಚಿಲ್ಲ ಎಂದು ಹಿಡಿದರೆ, ಎತ್ತರ ಏರುವುದಕ್ಕೇ ಸುಮಾರು ಒಂದೂವರೆ ಲೀಟರ್ ಬೇಕು. ಇದು ರಸ್ತೆಯಲ್ಲಿ ಮುಂದಕ್ಕೆ ಸಾಗಲು ಬೇಕಾದ ಡೀಸೆಲ್‌ನ ಮೇಲಿನ ಹೆಚ್ಚುವರಿ ಖರ್ಚು. ಅದೇ ಗಾಡಿ ಖಾಲಿ ಇದ್ದರೆ ಒಂದು ಲೀಟರ್‌ಗಿಂತ ಕಡಿಮೆ ಸಾಕು. ಇಳಿಯುವಾಗ ಈ ಖರ್ಚೆಲ್ಲ ವಾಪಸ್ ಬರುವುದಿಲ್ಲ. ಗೇರ್‌ನಲ್ಲೇ ಇಳಿದರೆ ಎಂಜಿನ್‌ಗೆ ಇಂಧನ ಹೋಗುವುದು ನಿಲ್ಲುತ್ತದೆ ನಿಜ. ಆದರೆ ಏರುವಾಗ ಗಳಿಸಿದ ಶಕ್ತಿಯ ದೊಡ್ಡ ಪಾಲು ಬ್ರೇಕ್‌ನಲ್ಲಿ ಮತ್ತು ಎಂಜಿನ್‌ನಲ್ಲಿ ಕರಗಿಹೋಗುತ್ತದೆ.

ಹಾಗೆಂದು ತೂಕ ದುಪ್ಪಟ್ಟಾದರೆ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆ ಎಂದಲ್ಲ. ಎಂಜಿನ್ ಒಳಗಿನ ಘರ್ಷಣೆಗೂ ಗಾಳಿಯ ತಡೆಗೂ ಗಾಡಿಯ ತೂಕದೊಂದಿಗೆ ನೇರ ಸಂಬಂಧವಿಲ್ಲ. ಆದ್ದರಿಂದ ಇಳಿಕೆ ದೊಡ್ಡದಾದರೂ ಅಷ್ಟು ಕಡಿದಾಗಿರುವುದಿಲ್ಲ.

ವೇಗ, ಗಾಳಿ ಮತ್ತು ಟಾರ್ಪಾಲ್

ಹೆದ್ದಾರಿಯಲ್ಲಿ ದೊಡ್ಡ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ಬದಲು 80ರಲ್ಲಿ ಹೋದರೆ ವೇಗ ಮೂರನೇ ಒಂದರಷ್ಟು ಹೆಚ್ಚುತ್ತದೆ, ಗಾಳಿಯ ತಡೆ ಮಾತ್ರ ಶೇ. 78ರಷ್ಟು ಹೆಚ್ಚುತ್ತದೆ. ಚೌಕಾಕಾರದ ಕ್ಯಾಬಿನ್, ಹಿಂದೆ ತೆರೆದ ಡಾಲಾ ಇರುವ ಪಿಕಪ್ ಕಾರಿನಂತೆ ಗಾಳಿಯನ್ನು ಸೀಳಿಕೊಂಡು ಹೋಗುವುದಿಲ್ಲ.

ಕ್ಯಾಬಿನ್‌ಗಿಂತ ಎತ್ತರಕ್ಕೆ ಕ್ರೇಟ್ ಜೋಡಿಸಿದರೆ ಅಥವಾ ಟಾರ್ಪಾಲ್ ಸಡಿಲವಾಗಿ ಪಟಪಟನೆ ಹೊಡೆದುಕೊಳ್ಳುತ್ತಿದ್ದರೆ ತಡೆ ಇನ್ನೂ ಹೆಚ್ಚು. ಖರೀದಿಯ ನಂತರ ಹಾಕಿಸುವ ಕಬ್ಬಿಣದ ಜಾಲರಿ, ಮೇಲ್ಛಾವಣಿ, ಪೆಟ್ಟಿಗೆಯಂತಹ ಬಾಡಿ ಇವೆಲ್ಲ ತೂಕವನ್ನೂ ಗಾಳಿಯ ತಡೆಯನ್ನೂ ಶಾಶ್ವತವಾಗಿ ಸೇರಿಸುತ್ತವೆ. ಪರೀಕ್ಷೆಗೆ ಹೋದ ಗಾಡಿಯಲ್ಲಿ ಅವು ಇರುವುದಿಲ್ಲ.

ನಗರದಲ್ಲಿ ಏನಾಗುತ್ತದೆ?

ನಗರದ ಟ್ರಾಫಿಕ್‌ನಲ್ಲಿ ಗಾಳಿಯ ಪಾತ್ರ ಚಿಕ್ಕದು. ಅಲ್ಲಿ ಇಂಧನ ನುಂಗುವುದು ನಿಂತು ಹೊರಡುವ ಆಟ. ಎಂಜಿನ್ ಆನ್ ಇಟ್ಟು ನಿಂತರೆ ಆ ಹೊತ್ತಿನ ಮೈಲೇಜ್ ಸೊನ್ನೆ. ಮಾರುಕಟ್ಟೆಯ ಗೇಟಿನಲ್ಲಿ, ಟೋಲ್ ಸಾಲಿನಲ್ಲಿ, ಲೋಡಿಂಗ್ ಮುಗಿಯುವವರೆಗೆ ಎಂಜಿನ್ ಓಡುತ್ತಲೇ ಇದ್ದರೆ ಮೀಟರ್ ಕದಲದಿದ್ದರೂ ಟ್ಯಾಂಕ್ ಖಾಲಿಯಾಗುತ್ತಿರುತ್ತದೆ.

ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತುಂಬಿದ ಮಸಿಯನ್ನು ಸುಟ್ಟು ಅದು ತನ್ನನ್ನು ತಾನೇ ಶುಚಿ ಮಾಡಿಕೊಳ್ಳಲು ಹೆಚ್ಚುವರಿ ಇಂಧನ ಬಳಸುತ್ತದೆ. ಹೆದ್ದಾರಿಯ ದೂರದ ಓಟದಲ್ಲಿ ಈ ಕೆಲಸ ಸುಲಭ. ಎರಡು-ಮೂರು ಕಿ.ಮೀ.ಗೆ ಒಮ್ಮೆ ನಿಲ್ಲುವ ಡೆಲಿವರಿ ಗಾಡಿಯಲ್ಲಿ ಶುದ್ಧೀಕರಣ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ.

ಟೈರ್ ಮತ್ತು ಇಂಧನ

ಟೈರ್‌ನಲ್ಲಿ ಗಾಳಿ ಕಡಿಮೆಯಾದರೆ ಉರುಳುವ ತಡೆ ಹೆಚ್ಚುತ್ತದೆ. ಎಲ್ಲ ಟೈರ್‌ಗಳಲ್ಲಿ ಸರಾಸರಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು ಶೇ. 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಚಿಕ್ಕ ಅಂಕಿಯಂತೆ ಕಂಡರೂ, 10 ಪಿಎಸ್‌ಐ ಕಡಿಮೆ ಇಟ್ಟು ಓಡಿಸಿದರೆ ಶೇ. 2ರಷ್ಟು ಇಂಧನ ಹೆಚ್ಚು ಹೋಗುತ್ತದೆ. ಲೋಡ್ ಇದ್ದಾಗ ಟೈರ್ ಸವೆತ ಮತ್ತು ಸಿಡಿಯುವ ಅಪಾಯ ಬೇರೆ. ಲೋಡ್‌ಗೆ ಎಷ್ಟು, ಖಾಲಿಗೆ ಎಷ್ಟು ಗಾಳಿ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಪೆಟ್ರೋಲ್ ಪಿಕಪ್ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ನ ಒಂದು ಲೀಟರ್‌ನಲ್ಲಿ, ಶುದ್ಧ ಪೆಟ್ರೋಲ್‌ಗಿಂತ ಸುಮಾರು ಶೇ. 7ರಷ್ಟು ಕಡಿಮೆ ಶಕ್ತಿ ಇರುತ್ತದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿಯು ಇ20ಗಾಗಿ ರೂಪಿಸದ ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಕೆಯನ್ನು ಅಂದಾಜಿಸಿತ್ತು.

ಅಮೆರಿಕದಲ್ಲೂ ಇದೇ ಕಥೆಯೇ?

ಪಿಕಪ್‌ಗಳ ದೇಶ ಎಂದೇ ಹೆಸರಾದ ಅಮೆರಿಕದಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮೈಲೇಜ್ ಲೇಬಲ್‌ನ ನಿಯಮ ರೂಪಿಸುತ್ತದೆ. ಪ್ರಯೋಗಾಲಯದ ಅಂಕಿ ರಸ್ತೆಗಿಂತ ಹೆಚ್ಚು ಬರುತ್ತದೆ ಎಂಬ ಕಾರಣಕ್ಕೆ 1985ರಿಂದ ನಗರದ ಅಂಕಿಯನ್ನು ಶೇ. 10, ಹೆದ್ದಾರಿಯ ಅಂಕಿಯನ್ನು ಶೇ. 22 ತಗ್ಗಿಸಿ ಲೇಬಲ್‌ನಲ್ಲಿ ಮುದ್ರಿಸಲಾಗುತ್ತಿತ್ತು. 2008ರ ಮಾದರಿಗಳಿಂದ ಹೆಚ್ಚಿನ ವೇಗ, ಎಸಿ ಬಳಕೆ ಮತ್ತು ಚಳಿಯ ಪರೀಕ್ಷೆಗಳನ್ನೂ ಲೆಕ್ಕಕ್ಕೆ ಸೇರಿಸಲಾಯಿತು. ಇಷ್ಟಾದರೂ ಹಿಂದೆ ಟ್ರೇಲರ್ ಕಟ್ಟಿ ಎಳೆಯುವಾಗ ಎಷ್ಟು ಬರುತ್ತದೆ ಎಂಬುದನ್ನು ಆ ಲೇಬಲ್ ಹೇಳುವುದಿಲ್ಲ. ಒಟ್ಟು ತೂಕದ ಮಿತಿ 8,500 ಪೌಂಡ್, ಅಂದರೆ ಸುಮಾರು 3,850 ಕೆ.ಜಿ. ದಾಟಿದ ಭಾರಿ ಪಿಕಪ್‌ಗಳಿಗೆ ಲೇಬಲ್ಲೇ ಕಡ್ಡಾಯವಿಲ್ಲ.

ನಿಜವಾದ ಮೈಲೇಜ್ ತಿಳಿಯುವುದು ಹೇಗೆ?

ಬ್ರೋಷರ್ ಅಂಕಿಗೆ ಒಂದು ಉಪಯೋಗವಿದೆ: ಒಂದೇ ವರ್ಗದ ಎರಡು ಗಾಡಿಗಳನ್ನು ಹೋಲಿಸಲು. ಎರಡೂ ಒಂದೇ ಪರೀಕ್ಷೆ ಬರೆದಿರುತ್ತವೆ. ಆದರೆ ಬಾಡಿಗೆ ನಿಗದಿ ಮಾಡಲು ಬೇಕಿರುವುದು ಸ್ವಂತ ಗಾಡಿಯ, ಸ್ವಂತ ಮಾರ್ಗದ ಅಂಕಿ. ಅದನ್ನು ಪಡೆಯುವ ವಿಧಾನ ಹೀಗಿದೆ:

• ಬಂಕ್‌ನಲ್ಲಿ ನಾಜಲ್ ತಾನಾಗಿಯೇ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ.

• ಮುಂದಿನ ಬಾರಿ ಸಾಧ್ಯವಾದರೆ ಅದೇ ಬಂಕ್‌ನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಈ ಬಾರಿ ಹಾಕಿಸಿದ ಲೀಟರ್‌ನಿಂದ ಭಾಗಿಸಿ.

• ಒಂದೇ ಬಾರಿಯ ಲೆಕ್ಕ ನಂಬಬೇಡಿ. ನಾಲ್ಕೈದು ಬಾರಿಯ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರ್‌ನಿಂದ ಭಾಗಿಸಿ.

• ಸಾಧ್ಯವಾದಲ್ಲಿ ಲೋಡ್ ಓಟ ಮತ್ತು ಖಾಲಿ ಓಟದ ಲೆಕ್ಕ ಬೇರೆಬೇರೆ ಇಡಿ.

ಕೊನೆಯ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಹೋಗುವಾಗ 9, ಬರುವಾಗ 13 ಬಂದರೆ ಸರಾಸರಿ 11 ಎಂದುಕೊಳ್ಳುವುದು ತಪ್ಪು. ಹೋಗಲು 16.7 ಲೀಟರ್, ಬರಲು 11.5 ಲೀಟರ್ ಖರ್ಚಾಗಿರುವುದರಿಂದ ನಿಜವಾದ ಸರಾಸರಿ 10.6.

ಉಳಿತಾಯ ಎಲ್ಲಿದೆ?

ಲೋಡ್ ಹೆಚ್ಚಾದರೆ ಮೈಲೇಜ್ ಇಳಿಯುತ್ತದೆ ಎಂದು ಕಡಿಮೆ ಸರಕು ಒಯ್ಯುವುದು ಪರಿಹಾರವಲ್ಲ. ಮೇಲಿನ ಉದಾಹರಣೆಯಲ್ಲಿ ಪೂರ್ತಿ ಲೋಡ್‌ನ ಒಂದು ಟ್ರಿಪ್‌ಗೆ ಹೋಗಿ ಬರಲು 28 ಲೀಟರ್ ಸಾಕು. ಅದೇ ಸರಕನ್ನು ಅರ್ಧರ್ಧ ಮಾಡಿ ಎರಡು ಟ್ರಿಪ್ ಹೊಡೆದರೆ, ಅರ್ಧ ಲೋಡ್‌ನಲ್ಲಿ ಲೀಟರ್‌ಗೆ 10.5 ಕಿ.ಮೀ. ಬಂದರೂ, ಸುಮಾರು 52 ಲೀಟರ್ ಬೇಕು. ನಿಗದಿತ ಮಿತಿಯೊಳಗೆ ಪೂರ್ತಿ ಲೋಡ್ ಒಯ್ಯುವ ಗಾಡಿಯ ಮೈಲೇಜ್ ಕಡಿಮೆ ಕಂಡರೂ ಪ್ರತಿ ಟನ್ ಸರಕಿಗೆ ಅದು ಸುಡುವ ಡೀಸೆಲ್ ಕಡಿಮೆ. ಮಿತಿ ಮೀರಿದರೆ ಮಾತ್ರ ದಂಡ, ಟೈರ್, ಬ್ರೇಕ್, ಸ್ಪ್ರಿಂಗ್ ಪಟ್ಟಿಗಳ ಖರ್ಚು ಆ ಉಳಿತಾಯವನ್ನು ನುಂಗುತ್ತದೆ.

ಅತಿ ದುಬಾರಿ ಕಿ.ಮೀ. ಎಂದರೆ ಖಾಲಿ ಬರುವ ಕಿ.ಮೀ. ಅದರ ಮೈಲೇಜ್ ಚೆನ್ನಾಗಿ ಕಾಣುತ್ತದೆ, ಸಂಪಾದನೆ ಮಾತ್ರ ಸೊನ್ನೆ. ಟೈರ್ ಗಾಳಿ, ಹದವಾದ ವೇಗ, ನಿಂತಾಗ ಎಂಜಿನ್ ಆಫ್ ಮಾಡುವ ಅಭ್ಯಾಸ ಇವು ಒಂದಿಷ್ಟು ಉಳಿಸುತ್ತವೆ. ವಾಪಸ್ ಬರುವಾಗ ಅರ್ಧ ಲೋಡ್ ಸಿಕ್ಕರೂ ಅದರಿಂದ ಬರುವ ಬಾಡಿಗೆಯ ಮುಂದೆ ಈ ಉಳಿತಾಯಗಳೆಲ್ಲ ಚಿಕ್ಕವು. ಆದ್ದರಿಂದ ಬಾಡಿಗೆ ಮಾತನಾಡುವಾಗ ಕಿಸೆಯಲ್ಲಿರಬೇಕಾದದ್ದು ಶೋರೂಂನ ಬ್ರೋಷರ್ ಅಲ್ಲ, ಕಳೆದ ನಾಲ್ಕೈದು ಬಾರಿ ಟ್ಯಾಂಕ್ ತುಂಬಿಸಿದ ಲೆಕ್ಕದ ಚೀಟಿ.