ಠಾಣೆಯಿಂದ ಬರುವಾಗ ಕೈಯಲ್ಲಿ ಚೀಟಿ ಇರಲಿ: ಯಲ್ದೂರು ಭಾಗದವರು ಪೊಲೀಸರನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಯಲ್ದೂರು: ಠಾಣೆಗೆ ಹೋಗಿ ಬಂದವರನ್ನು ಅಂಗಡಿ ಮುಂದೆ ಕೇಳುವುದು ಒಂದೇ ಮಾತು, ‘ಏನಾಯ್ತಣ್ಣ, ಕಂಪ್ಲೇಂಟ್ ತಗೊಂಡ್ರಾ?’ ಉತ್ತರವೂ ಸಾಮಾನ್ಯವಾಗಿ ಒಂದೇ, ‘ಬರ್ಕೊಂಡ್ರು, ನೋಡೋಣ ಅಂದ್ರು.’ ಏನು ಬರೆದುಕೊಂಡರು, ಯಾವ ಪುಸ್ತಕದಲ್ಲಿ ಬರೆದುಕೊಂಡರು ಅನ್ನೋದು ಗೊತ್ತಿರುವುದಿಲ್ಲ. ಆಮೇಲೆ ಇನ್ಶೂರೆನ್ಸ್‌ನವರೋ ಬ್ಯಾಂಕಿನವರೋ ಎಫ್‌ಐಆರ್ ಪ್ರತಿ ಕೇಳಿದಾಗ ಓಡಾಟ ಶುರು.

ದೂರು ಕೊಟ್ಟ ಮೇಲೆ ಏನು ಕೊಡುತ್ತಾರೆ?

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 173ನೇ ಕಲಂ ಪ್ರಕಾರ ಕಳವು, ದರೋಡೆ, ವಂಚನೆಯಂಥ ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ದೂರುದಾರರಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಬಾಯಲ್ಲಿ ಹೇಳಿದರೂ ನಡೆಯುತ್ತದೆ. ಪೊಲೀಸರೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು, ಆದರೆ ಅದು 14 ದಿನದಲ್ಲಿ ಮುಗಿಯಬೇಕು.

ಬೈದಾಟ, ಸಣ್ಣಪುಟ್ಟ ಕೈಕೈ ಮಿಲಾಯಿಸಿದ್ದು ಇವುಗಳಿಗೆ ಎಫ್‌ಐಆರ್ ಆಗುವುದಿಲ್ಲ, ಎನ್‌ಸಿಆರ್ ಆಗುತ್ತದೆ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ಅದರ ತನಿಖೆ ಮಾಡುವಂತಿಲ್ಲ. ಹಾಗಾಗಿ ‘ನಮ್ಮ ಕೇಸು ಮುಟ್ಟಲೇ ಇಲ್ಲ’ ಎಂಬ ಸಿಟ್ಟಿನಲ್ಲಿ ಅರ್ಧ ಈ ವ್ಯತ್ಯಾಸ ತಿಳಿಯದೆ ಬಂದದ್ದು. ಎಫ್‌ಐಆರ್ ಆಗಲಿ, ಎನ್‌ಸಿಆರ್ ಆಗಲಿ, ಬರೀ ಅರ್ಜಿಯ ಸ್ವೀಕೃತಿಯೇ ಆಗಲಿ, ನಂಬರ್, ತಾರೀಕು, ಠಾಣೆ ಸೀಲು ಇರುವ ಒಂದು ಕಾಗದ ಕೇಳಿ ಪಡೆಯಬೇಕು.

‘ಅದು ನಮ್ಮ ಲಿಮಿಟ್ ಅಲ್ಲ’ ಅಂದರೆ?

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಶ್ರೀನಿವಾಸಪುರ, ಗೌನಿಪಲ್ಲಿ, ರಾಯಲ್ಪಾಡು ಠಾಣೆಗಳಿವೆ. ಯಲ್ದೂರಿನವರು ಹೋಗುವುದು ಶ್ರೀನಿವಾಸಪುರಕ್ಕೆ. ಆದರೆ ಟೊಮೆಟೊ ಹಾಕಲು ಮದನಪಲ್ಲಿ ಮಾರ್ಕೆಟ್ಟಿಗೆ ಹೋದವರ ಬೈಕು ಅಲ್ಲೇ ಕಳವಾದರೆ? ಊರಿಗೆ ಬಂದು ಇಲ್ಲಿಯೇ ದೂರು ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ, ದೂರುದಾರರದ್ದಲ್ಲ. ಆನ್‌ಲೈನ್‌ನಲ್ಲೂ ದೂರು ಕಳಿಸಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರು ತಗೊಳ್ಳದೇ ಇದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬೇಕು. ಕೋಲಾರ ಜಿಲ್ಲೆಯಲ್ಲಿ ಇಬ್ಬರು ಎಸ್‌ಪಿ ಇದ್ದಾರೆ, ಕೆಜಿಎಫ್ ಬೇರೆ ಪೊಲೀಸ್ ಜಿಲ್ಲೆ. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನವರು ಬರೆಯಬೇಕಾದದ್ದು ಕೋಲಾರದ ಎಸ್‌ಪಿಗೆ. ಸ್ಪೀಡ್ ಪೋಸ್ಟಿನ ರಸೀದಿ ಎತ್ತಿಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವಾಗ ಆ ರಸೀದಿಯೇ ಆಧಾರ.

ಅಂಗಡಿಯವರ ತಲೆನೋವು: ಖಾತೆ ಫ್ರೀಜ್

ಗಿರಾಕಿ ಕ್ಯೂಆರ್ ಕೋಡ್‌ಗೆ 2,000 ರೂಪಾಯಿ ಹಾಕಿ ಸಾಮಾನು ಒಯ್ದ. ಹತ್ತು ದಿನದ ಮೇಲೆ ಅಂಗಡಿ ಖಾತೆಯೇ ಲಾಕ್. ವ್ಯಾಪಾರಿ ಏನೂ ತಪ್ಪು ಮಾಡಿರುವುದಿಲ್ಲ. ಎಲ್ಲೋ ಯಾರಿಗೋ ಮೋಸ ಮಾಡಿದ ದುಡ್ಡು ನಾಲ್ಕಾರು ಖಾತೆ ದಾಟಿ ಇಲ್ಲಿಗೂ ಬಂದಿರುತ್ತದೆ. ದೂರು ದಾಖಲಾದ ಊರಿನ ಪೊಲೀಸರು ಆ ದುಡ್ಡು ಹೋದ ಖಾತೆಗಳನ್ನೆಲ್ಲ ತಡೆಹಿಡಿಯಲು ಬ್ಯಾಂಕಿಗೆ ಹೇಳುತ್ತಾರೆ.

ಇಂಥ ಹೊತ್ತಲ್ಲಿ ಶ್ರೀನಿವಾಸಪುರ ಠಾಣೆಯಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ಬೇರೆ ರಾಜ್ಯದವರು ಹಾಕಿದ ತಡೆಯನ್ನು ಇಲ್ಲಿನವರು ತೆಗೆಯಲು ಬರುವುದಿಲ್ಲ. ಮೊದಲು ಬ್ಯಾಂಕಿನಿಂದ ಮೂರು ವಿಷಯ ಬರೆಸಿಕೊಳ್ಳಬೇಕು: ಸೈಬರ್ ದೂರಿನ ಸ್ವೀಕೃತಿ ಸಂಖ್ಯೆ, ಯಾವ ಠಾಣೆ, ಯಾವ ಮೊತ್ತ. ಆಮೇಲೆ ಆ ಠಾಣೆಯ ತನಿಖಾಧಿಕಾರಿಗೆ ಆ ದಿನದ ಬಿಲ್ಲು, ಸ್ಟಾಕ್ ಪುಸ್ತಕ, ಇದ್ದರೆ ಸಿಸಿಟಿವಿ ದೃಶ್ಯದ ಸಮೇತ ಅರ್ಜಿ ಕಳಿಸಿ, ಪೂರಾ ಖಾತೆ ಬಿಟ್ಟು ವಿವಾದದ ಮೊತ್ತಕ್ಕಷ್ಟೇ ತಡೆ ಇಡುವಂತೆ ಕೇಳಬೇಕು. ‘ಇಷ್ಟು ಕೊಡಿ, ಬಿಡಿಸಿಕೊಡ್ತೀವಿ’ ಅಂತ ಫೋನ್ ಮಾಡುವವರನ್ನು ನಂಬಿದರೆ ಎರಡನೇ ಸಲ ಮೋಸ. ಸಣ್ಣ ಅಂಗಡಿಯಲ್ಲಿ ಬಿಲ್ಲು ಯಾರು ಬರೀತಾರೆ ಅನ್ನುವವರಿಗೆ ಕಷ್ಟ ಕಾಣುವುದು ಇಲ್ಲೇ.

ತಮ್ಮದೇ ದುಡ್ಡು ಹೋದರೆ ಠಾಣೆಗೆ ಬಸ್ಸು ಹತ್ತುವ ಮುಂಚೆ 1930ಕ್ಕೆ ಫೋನ್ ಮಾಡಬೇಕು. ಮೋಸಗಾರರು ಹಣ ಡ್ರಾ ಮಾಡುವುದರೊಳಗೆ ತಡೆದರೆ ಮಾತ್ರ ವಾಪಸ್ ಸಿಗುವ ಆಸೆ.

ಸಾಲ, ಚೆಕ್, ಬದು ಜಗಳ

ಮಾವಿನ ಸೀಸನ್ನಲ್ಲಿ ತೋಟ ಹಿಡಿದ ವ್ಯಾಪಾರಿ ಕೊಟ್ಟ ಚೆಕ್ ಬೌನ್ಸ್ ಆದರೆ ಪೊಲೀಸರು ವಸೂಲಿ ಮಾಡಿಕೊಡುವುದಿಲ್ಲ. ಬ್ಯಾಂಕ್ ತಿಳಿಸಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ದುಡ್ಡು ಕೊಡಲು ಅವನಿಗೆ 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು. ‘ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ’ ಮಾತು ನಂಬಿ ಠಾಣೆಗೆ ಅಲೆಯುತ್ತಾ ಈ ಗಡುವು ದಾಟಿದರೆ ನಷ್ಟ ರೈತನಿಗೇ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅನ್ನುವುದಕ್ಕೆ ಆಧಾರವಿದ್ದರೆ ಮಾತ್ರ ವಂಚನೆ ಕೇಸು.

ಜಮೀನಿನ ಬದು ಎಲ್ಲಿದೆ ಅಂತ ತೀರ್ಮಾನಿಸುವುದೂ ಪೊಲೀಸರ ಕೆಲಸವಲ್ಲ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಬೇಕು. ಬದುವಿನ ಮೇಲೆ ಹೊಡೆದಾಟವಾದರೆ, ಜೀವ ಬೆದರಿಕೆ ಹಾಕಿದರೆ ಆಗ ಠಾಣೆ.

ಇನ್ನು ಕೆಲವು

ಮೊಬೈಲ್ ಕಳೆದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಐಎಂಇಐ ನಂಬರ್ ಬೇಕಾಗುತ್ತದೆ, *#06# ಒತ್ತಿ ಇವತ್ತೇ ಬರೆದಿಟ್ಟುಕೊಳ್ಳಿ. ಸಾಕ್ಷಿ ಹೇಳಲು ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು ಠಾಣೆಗೆ ಬರಲೇಬೇಕೆಂದಿಲ್ಲ, ಮನೆಯಲ್ಲೇ ವಿಚಾರಿಸಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವಿನಾಯಿತಿ ಕೊಟ್ಟ ದಿನಗಳಲ್ಲಿ ಮಾತ್ರ ರಾತ್ರಿ 12ರವರೆಗೆ ಅವಕಾಶ. ಮೈಕು ಕೂಗುತ್ತಿದ್ದರೆ, ಜಗಳ ನಡೆಯುತ್ತಿದ್ದರೆ ಕರೆಯಬೇಕಾದದ್ದು 112ಕ್ಕೆ.